ಥರ್ಮೋಕೋಲ್ ಹುಡುಗಿಯ ಹಾಡು

"ಎಂಥದೇ ಅದು ಕಿರುಚಾಟ? ಯಾರಿಗೆ ಏನಾಯ್ತು?" ಎಂದು ನಾನು ಅಡುಗೆಮನೆಯಿಂದಲೇ ಕೂಗಿದೆ. ಕೈಯಲ್ಲಿ ದೋಸೆ ಮಗುಚುವ ಸಟ್ಟುಗ. ಮಗಳು ಫೋನು ಹಿಡಿದುಕೊಂಡು ಒಳಗೆ ಬಂದಳು. "ಯಾರಿಗೂ ಏನೂ ಆಗಿಲ್ಲ ಅಮ್ಮಾ. ಹಾಡು ಅದು. ಹಾಡು ಇರಲಿ, ಮೊದಲು ಅವಳ ಹಲ್ಲು ನೋಡು" ಅಂದಳು.

ನೋಡಿದೆ. ಗುಂಗುರು ಕೂದಲಿನ, ಗೋಧಿಗಿಂತ ಕೊಂಚ ಗಾಢ ಬಣ್ಣದ ಒಂದು ಹುಡುಗಿ ಅಂಗೈಯಗಲದ ಪರದೆಯ ಮೇಲೆ ಕುಣಿಯುತ್ತ ಹಾಡುತ್ತಿದ್ದಳು. ಬಾಯಿ ತೆರೆದಾಗಲೆಲ್ಲ ಹಲ್ಲಿಗೆ ಹಾಕಿಸಿದ ತಂತಿ ದೀಪಕ್ಕೆ ಮಿಂಚುತ್ತಿತ್ತು. ಮುಚ್ಚಿಕೊಳ್ಳುವ ಯೋಚನೆಯೇ ಅವಳಿಗೆ ಇದ್ದಂತಿರಲಿಲ್ಲ. ಸಿನಿಮಾದವರು ಕನ್ನಡಕ ಹಾಕಿಕೊಂಡರೂ ಅದು ಬೇರೆಯೇ ಒಂದು ಚೆಂದ ಎನ್ನುವಂತೆ ಹಾಕಿಕೊಳ್ಳುತ್ತಾರಲ್ಲ, ಹಾಗೂ ಅಲ್ಲ. ತಂತಿ ಇದೆ, ಹಾಡುತ್ತಿದ್ದೇನೆ, ಅಷ್ಟೇ.

ಮಗಳು ಇದನ್ನೇ ಏಕೆ ತೋರಿಸಿದಳೆಂದು ನನಗೆ ಗೊತ್ತು. ಅವಳಿಗೆ ಹದಿನಾರು. ಹೋದ ವರ್ಷ ಅವಳ ಹಲ್ಲಿಗೂ ತಂತಿ ಹಾಕಿಸಿದೆವು. ಅಂದಿನಿಂದ ನಗುವಾಗ ಕೈ ಅಡ್ಡ ಹಿಡಿಯುತ್ತಾಳೆ. ಕಾಲೇಜಿನ ವಾರ್ಷಿಕೋತ್ಸವಕ್ಕೆ ಭಾವಗೀತೆ ಹಾಡುತ್ತೇನೆಂದು ಕೊಟ್ಟಿದ್ದ ಹೆಸರನ್ನು ತಾನೇ ಹೋಗಿ ತೆಗೆಸಿ ಬಂದಳು. ಯಾರೋ ಗೆಳತಿಯರು ಏನೋ ಅಂದಿರಬೇಕು ಎಂದು ನಾನು ಅವರ ಮೇಲೆ ಹಾಕಿ ಸುಮ್ಮನಿದ್ದೆ. ಆದರೆ ಚಿಕ್ಕಮ್ಮನ ಮೊಮ್ಮಗಳ ಮದುವೆಯಲ್ಲಿ ಎಲ್ಲರೂ ಫೋಟೋಕ್ಕೆ ನಿಂತಾಗ ಅವಳ ಕಿವಿಯಲ್ಲಿ "ಬಾಯಿ ಮುಚ್ಚಿ ನಗು" ಎಂದವಳು ನಾನು. ನನ್ನ ಒಳ್ಳೆಯ ಬುದ್ಧಿ!

ಹೀಗೆ ಪರಿಚಯವಾದ ಈ ಹಾಡುಗಾರ್ತಿಯ ಬೆನ್ನು ಹತ್ತಿ ನಾನು ಮೂರು ತಿಂಗಳು ಕಳೆದೆ. ಅವಳ ಗುಂಪಿನ ಹಾಡುಗಳನ್ನು ಮೊದಲು ಮಗಳ ದಾಕ್ಷಿಣ್ಯಕ್ಕೆ ಕೇಳಿದೆ, ಆಮೇಲೆ ನನ್ನ ಹಟಕ್ಕೆ, ಕೊನೆಕೊನೆಗೆ ಇಷ್ಟಕ್ಕೆ. ಅವಳ ಮೇಲೆ ಬಂದ ಪುಸ್ತಕ, ಸಿನಿಮಾ ಎರಡನ್ನೂ ಹುಡುಕಿದೆ. ಇಷ್ಟೆಲ್ಲ ಮಾಡಿದ ಮೇಲೆ ಅವಳ ಬಗ್ಗೆ ಎಲ್ಲರೂ ಹೇಳುವ ಒಂದು ಮಾತಿಗೆ ನನ್ನ ತಕರಾರಿದೆ. ಅದನ್ನು ಹೇಳುವ ಮೊದಲು ಅವಳು ಯಾರೆಂದು ಹೇಳಬೇಕಲ್ಲ.

ಮರಿಯಾನ್ ಎಲಿಯಟ್ 1957ರ ಜುಲೈ 3ರಂದು ಇಂಗ್ಲೆಂಡಿನ ಬ್ರಾಮ್ಲಿಯಲ್ಲಿ ಹುಟ್ಟಿದವಳು. ಬೆಳೆದದ್ದು ಲಂಡನ್ನಿನ ಬ್ರಿಕ್ಸ್‌ಟನ್ ಬಡಾವಣೆಯಲ್ಲಿ. ತಂದೆ ಸೊಮಾಲಿಯಾದವರು. ಬಿಳಿಯ ತಾಯಿ ವಕೀಲರ ಕಚೇರಿಯಲ್ಲಿ ಸೆಕ್ರೆಟರಿಯಾಗಿ ದುಡಿದು ಒಬ್ಬರೇ ಮಕ್ಕಳನ್ನು ಸಾಕಿದರು. ಬಿಳಿಯರ ಮಕ್ಕಳ ನಡುವೆ ಈ ಹುಡುಗಿ ಕಪ್ಪು, ಕಪ್ಪು ಮಕ್ಕಳ ನಡುವೆ ಬಿಳಿ. ಹದಿನೈದಕ್ಕೆ ಜೇಬಿನಲ್ಲಿ ಮೂರು ಪೌಂಡ್ ಇಟ್ಟುಕೊಂಡು ಮನೆ ಬಿಟ್ಟಳು. ಊರೂರಿನ ಸಂಗೀತ ಮೇಳಗಳಲ್ಲಿ ಅಲೆದು, ಹೊಳೆಯಲ್ಲಿ ಸ್ನಾನ ಮಾಡುವಾಗ ತುಕ್ಕು ಮೊಳೆ ತುಳಿದು, ನಂಜೇರಿ ವಾಪಸು ಬಂದಳು. ತಾಯಿಯ ಎದೆ ಏನಾಗಿತ್ತೋ ಎಂದು ನನಗೆ ಮೊದಲು ಅನ್ನಿಸಿದ್ದು ಅದೇ. ಇಂಥ ಕಥೆಗಳಲ್ಲಿ ನಾನು ಯಾವಾಗಲೂ ತಪ್ಪು ಪಾತ್ರದ ಪಕ್ಕದಲ್ಲಿ ಕುಳಿತುಬಿಡುತ್ತೇನೆ.

1976ರಲ್ಲಿ ಮಾರಿ ಎಲಿಯಟ್ ಎಂಬ ಹೆಸರಿನಲ್ಲಿ ಒಂದು ರೆಗ್ಗೆ ಹಾಡು ಮಾಡಿದಳು. ಅದು ಓಡಲಿಲ್ಲ. ಅದೇ ವರ್ಷ ತನ್ನ ಹತ್ತೊಂಬತ್ತನೆಯ ಹುಟ್ಟುಹಬ್ಬದ ದಿನ ಹೇಸ್ಟಿಂಗ್ಸ್ ಎಂಬ ಕಡಲೂರಿನಲ್ಲಿ, ಸಮುದ್ರದೊಳಕ್ಕೆ ಚಾಚಿದ ಕಟ್ಟೆಯ ಮೇಲೆ ಸೆಕ್ಸ್ ಪಿಸ್ಟಲ್ಸ್ ಎಂಬ ಗುಂಪಿನ ಕಾರ್ಯಕ್ರಮ ನೋಡಿದಳು. ಪಂಕ್ ಎನ್ನುವುದು ಆಗಷ್ಟೇ ತಲೆ ಎತ್ತುತ್ತಿದ್ದ ಕಾಲ. ಆವರೆಗಿನ ದೊಡ್ಡ ರಾಕ್ ಗುಂಪುಗಳಿಗೆ ಲಾರಿಗಟ್ಟಲೆ ಸಾಮಾನು, ಒಂದೊಂದು ಹಾಡೂ ತಾಳಮದ್ದಳೆಯ ಅರ್ಥದಷ್ಟು ಉದ್ದ. ಪಂಕ್ ಹುಡುಗರಿಗೆ ಮೂರು ಸ್ವರಮೇಳ ಗೊತ್ತಿದ್ದರೆ ಸಾಕು. ಎರಡು ಮೂರು ನಿಮಿಷದಲ್ಲಿ ಹೇಳುವುದನ್ನು ಹೇಳಿ ಇಳಿದುಬಿಡುತ್ತಿದ್ದರು. ಇವರು ಮಾಡಬಹುದಾದರೆ ನಾನೂ ಮಾಡಬಹುದು ಎಂದು ಹುಡುಗಿಗೆ ಅನ್ನಿಸಿತು. ಸಂಗೀತ ಪತ್ರಿಕೆಗಳಲ್ಲಿ, ಪಂಕ್ ಹುಡುಗರು ಬೇಕಾಗಿದ್ದಾರೆ ಎಂದು ಸಣ್ಣ ಜಾಹೀರಾತು ಕೊಟ್ಟಳು. ನಮ್ಮಲ್ಲಿ ವರ ಬೇಕಾಗಿದ್ದಾನೆ ಎಂದು ಕೊಡುತ್ತೇವಲ್ಲ, ಹಾಗೆ. ಗುಂಪಿಗೆ ಎಕ್ಸ್-ರೇ ಸ್ಪೆಕ್ಸ್ ಎಂದು ಹೆಸರಾಯಿತು.

ತನಗೊಂದು ಹೆಸರು ಬೇಕಲ್ಲ. ಟೆಲಿಫೋನ್ ಡೈರೆಕ್ಟರಿಯ ವ್ಯಾಪಾರಿಗಳ ಹಳದಿ ಪುಟಗಳನ್ನು ತಿರುವಿ ಹಾಕಿ ಆರಿಸಿದಳು: ಪಾಲಿ ಸ್ಟೈರೀನ್. ಇಂಗ್ಲಿಷಿನಲ್ಲಿ ಇದು ಕುಡಿದು ಎಸೆಯುವ ಲೋಟದ ಹೆಸರು. ನಮ್ಮ ಬಾಯಲ್ಲಿ ಹೇಳುವುದಾದರೆ ಥರ್ಮೋಕೋಲ್! ಗಣಪತಿ ಮಂಟಪಕ್ಕೆ ಕತ್ತರಿಸಿ, ಹಬ್ಬ ಮುಗಿದ ಮೇಲೆ ಏನು ಮಾಡುವುದೆಂದು ತಿಳಿಯದೆ ಅಟ್ಟಕ್ಕೆ ತುರುಕುತ್ತೇವಲ್ಲ, ಅದೇ. ಹಾಡುಗಾರರೆಲ್ಲ ಕೋಗಿಲೆಯೋ ನಕ್ಷತ್ರವೋ ಆಗಲು ಹೊರಟಾಗ ಈ ಹುಡುಗಿ ತಾನೊಂದು ಬಳಸಿ ಬಿಸಾಡುವ ಸಾಮಾನು ಎಂದು ಮೊದಲೇ ಹೇಳಿಕೊಂಡಳು. ಸಂಗೀತದ ಮಾರುಕಟ್ಟೆ ಹೇಗೂ ಅದನ್ನೇ ಮಾಡುವುದು ತಾನೆ?

ಮಾರುಕಟ್ಟೆ ಅವಳಿಗೆ ಗೊತ್ತಿತ್ತು. ಲಂಡನ್ನಿನ ಕಿಂಗ್ಸ್ ರೋಡಿನ ಬ್ಯೂಫೋರ್ಟ್ ಮಾರ್ಕೆಟ್ಟಿನಲ್ಲಿ ಅವಳದೇ ಒಂದು ಪುಟ್ಟ ಅಂಗಡಿಯಿತ್ತು. ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ, ಪ್ಲಾಸ್ಟಿಕ್ ಒಡವೆ, ಇಂಥವನ್ನು ಮಾರುತ್ತಿದ್ದಳು. ವೇದಿಕೆಯ ಮೇಲೂ ಅದೇ ಬಗೆಯ ಉಡುಪು. ಇದನ್ನು ನೆನಪಿಡಿ, ನನ್ನ ತಕರಾರಿಗೆ ಇದು ಬೇಕು.

ಜಾಹೀರಾತು ನೋಡಿ ಬಂದವರಲ್ಲಿ ಸ್ಯಾಕ್ಸೊಫೋನ್ ಹಿಡಿದ ಇನ್ನೊಬ್ಬ ಹುಡುಗಿಯಿದ್ದಳು. ಲೋರಾ ಲಾಜಿಕ್ ಎಂದು ಹೆಸರಿಟ್ಟುಕೊಂಡವಳು. ಆಗ ಅವಳಿನ್ನೂ ಶಾಲೆಯ ವಯಸ್ಸಿನವಳು. ರಾಕ್ಸಿ ಎಂಬ ನೆಲಮಾಳಿಗೆಯಂಥ ಪಂಕ್ ಕ್ಲಬ್ಬಿನಲ್ಲಿ ಹಾಡಿದ್ದು 1977ರಲ್ಲಿ ಧ್ವನಿಮುದ್ರಿಕೆಯಾಗಿ ಬಂತು. ಅದೇ ಸೆಪ್ಟೆಂಬರಿನಲ್ಲಿ ಮೊದಲ ಸಿಂಗಲ್ 'ಓ ಬಾಂಡೇಜ್, ಅಪ್ ಯುವರ್ಸ್!'. ಬಂಧನವನ್ನು ಸಂಬೋಧಿಸಿದ ಈ ಶೀರ್ಷಿಕೆಯ ಉತ್ತರಾರ್ಧವನ್ನು ಅನುವಾದಿಸಲು ನನ್ನ ಮನೆಮಾತಿನಿಂದ ಆಗುವುದಿಲ್ಲ. ಸಂತೆಯ ಭಾಷೆ ಬೇಕು. ಹೆಣ್ಣುಮಕ್ಕಳು ಕಣ್ಣಿಗೆ ಬಿದ್ದರೆ ಸಾಕು, ಕಿವಿಗೆ ಬೀಳಬಾರದು ಎಂಬ ಅರ್ಥದ ಹಳೆಯ ಮಾತನ್ನು ಮೊದಲು ಪುಟ್ಟ ಹುಡುಗಿಯ ಮೆತ್ತನೆ ದನಿಯಲ್ಲಿ ನೆನೆಸಿಕೊಂಡು, ಮರುಕ್ಷಣವೇ ಶೀರ್ಷಿಕೆಯನ್ನು ಗಂಟಲು ಹರಿಯುವಂತೆ ಕೂಗುತ್ತಾಳೆ. ಅಡುಗೆಮನೆಯಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಆ ಕೂಗೇ.

ಈ ಕೂಗಿನ ಬಗ್ಗೆ ನನಗೆ ಎರಡು ಮಾತು ಹೇಳಲಿಕ್ಕಿದೆ.

ನಾನು ಎಂಟು ವರ್ಷ ಸಂಗೀತ ಪಾಠಕ್ಕೆ ಹೋದವಳು. ಮೇಷ್ಟ್ರು ಒಳ್ಳೆಯವರೇ. ಆದರೆ ನನ್ನದು ಸ್ವಲ್ಪ ದೊಡ್ಡ ದನಿ. "ಹೆಣ್ಣುಮಕ್ಕಳು ಇಷ್ಟು ತೆರೆದು ಹಾಡಬಾರದಮ್ಮ, ಒಳಗೇ ಹಾಡು" ಎನ್ನುತ್ತಿದ್ದರು. ಒಳಗೇ ಹಾಡಿ ಹಾಡಿ, ಈಗ ದೇವರ ಮುಂದೆ ಹಾಡಿದರೆ ದೇವರು ಕಿವಿಗೆ ಕೈ ಹಿಡಿದು ಕೇಳಬೇಕು. ಹೀಗೆ ಪಳಗಿದ ಕಿವಿಗೆ ಪಾಲಿಯ ದನಿ ಮೊದಲು ಅಪಸ್ವರವಾಗಿ ಕೇಳಿಸಿತು. ನಾಲ್ಕಾರು ಸಲ ಕೇಳಿದ ಮೇಲೆ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಪರೀಕ್ಷಿಸಿದೆ (ನಗಬೇಡಿ). ಹುಡುಗಿ ಎಲ್ಲಿ ಹೋದರೂ ತನ್ನ ಸ್ವರಕ್ಕೆ ಬಂದು ನಿಲ್ಲುತ್ತಾಳೆ. ತುದಿಯಲ್ಲಿ ದನಿ ಒಡೆಯುವುದು ನಿಜ, ಆದರೆ ಜಾರುವುದಿಲ್ಲ. ಪಕ್ಕದಲ್ಲೇ ಸ್ಯಾಕ್ಸೊಫೋನು ಅದೇ ಎತ್ತರದಲ್ಲಿ ಅರಚುತ್ತಿರುತ್ತದೆ. ನಾದಸ್ವರದ ಎದುರು ಓಲೆ ಹಿಡಿದು ಮಂಗಳಾರತಿ ಹಾಡು ಹೇಳಿದಂತೆ, ಅವಳು ಅದನ್ನು ಮೀರಿ ಹಾಡಬೇಕು. ಮೀರುತ್ತಾಳೆ. ಇದು ಬಾರದವಳ ಕಿರುಚಾಟವಲ್ಲ ಎಂದು ಒಪ್ಪಿಕೊಳ್ಳುವುದಕ್ಕೆ ನನಗೆ ಒಂದು ವಾರ ಹಿಡಿಯಿತು.

ಎರಡನೆಯದು ತಕರಾರು. ಅವಳ ಬಗ್ಗೆ ಬರೆದವರೆಲ್ಲ ಈ ಒಂದು ಹಾಡಿಗೆ ಹಾರ ಹಾಕಿ ಅಲ್ಲಿಯೇ ಕೈ ಮುಗಿದುಬಿಡುತ್ತಾರೆ. ಸ್ತ್ರೀವಾದಿ ಪಂಕ್, ಬಂಡಾಯದ ಹೆಣ್ಣು ದನಿ, ಹೀಗೆ. 1990ರ ದಶಕದಲ್ಲಿ ಅಮೆರಿಕದಲ್ಲಿ ರಯಟ್ ಗರ್ಲ್ ಎಂದು ಹೆಸರಾದ ಹುಡುಗಿಯರ ಗುಂಪುಗಳಿಗೆ ಇವಳೇ ಹಿರಿಯಕ್ಕ ಎಂಬುದೂ ಸರಿಯೇ. ಆದರೂ ನನ್ನ ಮಟ್ಟಿಗೆ ಇದು ಅವಳ ಅತ್ಯುತ್ತಮ ಹಾಡಲ್ಲ. ಇದೊಂದು ಘೋಷಣೆ. ಮೆರವಣಿಗೆಗೆ ಆಗುತ್ತದೆ, ಮೆರವಣಿಗೆ ಮುಗಿದು ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಅದು ಜೊತೆಗೆ ಉಳಿಯುವುದಿಲ್ಲ. ಜೊತೆಗೆ ಉಳಿಯುವ ಹಾಡುಗಳು ಬೇರೆ ಇವೆ. ಅವು 1978ರ ನವೆಂಬರಿನಲ್ಲಿ ಬಂದ 'ಜರ್ಮ್‌ಫ್ರೀ ಅಡಲೆಸೆಂಟ್ಸ್' ಎಂಬ ಆಲ್ಬಮ್ಮಿನಲ್ಲಿವೆ. ರೋಗಾಣು ಸೋಕದ ಹದಿಹರೆಯದವರು ಎಂದು ಅರ್ಥ.

ಅದರ ಶೀರ್ಷಿಕೆಯ ಹಾಡನ್ನು ಕೇಳಿ. ಅಲ್ಲಿ ಕೂಗಾಟವೇ ಇಲ್ಲ. ನಿಧಾನ ಲಯ, ಮಂಪರಿನಂಥ ರಾಗ. ಸ್ವಚ್ಛತೆಯ ಹುಚ್ಚು ಹಿಡಿದ ಹುಡುಗಿಯೊಬ್ಬಳ ಚಿತ್ರ ಅದು: ಹಲ್ಲುಜ್ಜಿದ್ದೇ ಉಜ್ಜಿದ್ದು, ಅವಳ ಹತ್ತಿರ ಬರುವ ಹುಡುಗನೂ ಔಷಧದಲ್ಲಿ ತೊಳೆದು ಬರಬೇಕು. ನಡುನಡುವೆ ಜಾಹೀರಾತಿನ ಧಾಟಿಯಲ್ಲೇ ಟೂತ್‌ಪೇಸ್ಟಿನ ಹೆಸರು ಹಾದುಹೋಗುತ್ತದೆ. ಇಂಗ್ಲೆಂಡಿನ ಟಿವಿಯಲ್ಲಿ 1955ರ ಸೆಪ್ಟೆಂಬರಿನಲ್ಲಿ ಮೊಟ್ಟಮೊದಲು ಬಂದ ಜಾಹೀರಾತೇ ಗಿಬ್ಸ್ ಎಸ್‌ಆರ್ ಎಂಬ ಟೂತ್‌ಪೇಸ್ಟಿನದು. ಅದಾಗಿ ಎರಡು ವರ್ಷಕ್ಕೆ ಹುಟ್ಟಿದ ಹುಡುಗಿ ಇವಳು. ಹಾಲಿನ ಜೊತೆ ಜಾಹೀರಾತು ಕುಡಿದು ಬೆಳೆದವಳು. ಆದ್ದರಿಂದ ಈ ಹಾಡಿನಲ್ಲಿ ಬೈಗುಳವಿಲ್ಲ. ಆ ಹುಚ್ಚಿನ ಹುಡುಗಿಯನ್ನು ನೋಡಿ ಅವಳು ನಗುತ್ತಿದ್ದಾಳೋ ಮರುಗುತ್ತಿದ್ದಾಳೋ ಅಥವಾ ಕನ್ನಡಿಯಲ್ಲಿ ತನ್ನನ್ನೇ ನೋಡುತ್ತಿದ್ದಾಳೋ, ಎಷ್ಟು ಸಲ ಕೇಳಿದರೂ ನಿರ್ಧರಿಸಲಾಗುವುದಿಲ್ಲ.

ನಿಮ್ಮ ಮನೆಯ ಬಚ್ಚಲನ್ನು ಒಮ್ಮೆ ನೆನೆಸಿಕೊಳ್ಳಿ. ನೆಲಕ್ಕೊಂದು, ಕಮೋಡಿಗೊಂದು, ಕೈಗೊಂದು, ಬಾಯಿಗೊಂದು ಬಾಟಲಿ. 2020ರಲ್ಲಿ ಕೊರೋನಾ ಬಂದಾಗ ಹಾಲಿನ ಪ್ಯಾಕೆಟ್ಟನ್ನೂ ಸೋಪು ಹಾಕಿ ತೊಳೆದವಳು ನಾನು. ಆಗ ಅದಕ್ಕೆ ಕಾರಣವಿತ್ತು ಎನ್ನೋಣ. ಆದರೆ ಆಮೇಲೂ ಎಷ್ಟೋ ದಿನ ತೊಳೆಯುತ್ತಲೇ ಇದ್ದೆ. ಕೊಳೆ ಹೋದರೂ ಹೆದರಿಕೆ ಹೋಗದ ಆ ಸ್ಥಿತಿಯನ್ನು ಇಪ್ಪತ್ತೊಂದರ ಹುಡುಗಿ ಆಗಲೇ ಮೂರೂ ಚಿಲ್ಲರೆ ನಿಮಿಷದಲ್ಲಿ ಹಾಡಿಬಿಟ್ಟಿದ್ದಳು.

'ದಿ ಡೇ ದಿ ವರ್ಲ್ಡ್ ಟರ್ನ್ಡ್ ಡೇ-ಗ್ಲೋ' ಎಂಬ ಇನ್ನೊಂದು ಹಾಡಿನಲ್ಲಿ ಲೋಕವೆಲ್ಲ ನೈಲಾನು, ಅಕ್ರಿಲಿಕ್ಕು, ರಬ್ಬರುಗಳಿಂದಾಗಿ ಹೊಳೆಯತೊಡಗುತ್ತದೆ. ಕಿತ್ತಳೆ ಬಣ್ಣದ ತಟ್ಟೆಯಲ್ಲಿ ಬಂದ ಸಿಂಗಲ್ ಅದು. ಪರಿಸರದ ಬಗ್ಗೆ ಎಚ್ಚರಿಕೆ ಎಂದು ಇದನ್ನು ಹೊಗಳುವವರಿದ್ದಾರೆ. ಎಚ್ಚರಿಕೆ ಇರಬಹುದು, ಜೊತೆಗೆ ಆ ಹೊಳಪಿನ ಮೇಲೆ ಆಸೆಯೂ ಇದೆ. ಅವಳೇ ಪ್ಲಾಸ್ಟಿಕ್ ಒಡವೆ ಮಾರಿದವಳು ಎಂದೆನಲ್ಲ. ತಾನು ತೊಡದ್ದನ್ನು, ತಾನು ಆಸೆಪಡದ್ದನ್ನು ಬೈಯುವುದು ಸುಲಭ. ಪಾಲಿ ಒಳಗೆ ನಿಂತು ಹಾಡುತ್ತಾಳೆ, ಎಡಗೈಯಲ್ಲಿ ಬಳೆ ಗಲಗಲ ಅನ್ನಿಸುತ್ತಲೇ. ಬೋಧನೆಯ ಹಾಡುಗಳನ್ನು ಕೇಳಿ ಕೇಳಿ ಬೇಸತ್ತ ನನಗೆ ಇದು ಬಹಳ ಹಿಡಿಸಿತು.

ಆಲ್ಬಮ್ಮಿನಲ್ಲಿ ಕುಂದಿಲ್ಲವೆಂದಲ್ಲ. ಗಿಟಾರು ಒಂದೇ ಬಗೆಯಲ್ಲಿ ಕೊರೆಯುತ್ತದೆ. ಎರಡು ಮೂರು ಹಾಡು ಒಂದಾದ ಮೇಲೊಂದು ಕೇಳಿದರೆ ಯಾವುದು ಮುಗಿದು ಯಾವುದು ಶುರುವಾಯಿತೆಂದು ತಿಳಿಯುವುದಿಲ್ಲ. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಈ ಆಲ್ಬಮ್ಮಿನಲ್ಲಿ ಸ್ಯಾಕ್ಸೊಫೋನ್ ನುಡಿಸಿದವರು ರೂಡಿ ಥಾಮ್ಸನ್. ಮೊದಲ ಹಾಡಿನಲ್ಲಿ ಪಾಲಿಗೆ ಸಮನಾಗಿ ಅರಚಿದ್ದ ಆ ಶಾಲೆಯ ಹುಡುಗಿಯನ್ನು ಅಷ್ಟರೊಳಗೆ ಗುಂಪಿನಿಂದ ಬಿಡಿಸಲಾಗಿತ್ತು. ಹೆಣ್ಣುಮಕ್ಕಳ ದನಿ ಕೇಳಿಸಬೇಕು ಎಂದು ಹಾಡಿದ ಗುಂಪಿನಲ್ಲೇ ಕಿರಿಯವಳ ದನಿ ಮೊದಲು ನಿಂತಿತು! ಲೋರಾ ಮುಂದೆ ಎಸೆನ್ಶಿಯಲ್ ಲಾಜಿಕ್ ಎಂಬ ತನ್ನದೇ ಗುಂಪು ಕಟ್ಟಿದಳು. ಹೊಗಳುವವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ.

ಪಾಲಿಯ ಏಳಿಗೆ ಬೇಗ ಆಯಿತು. ಎರಡು ವರ್ಷದೊಳಗೆ ನೆಲಮಾಳಿಗೆಯಿಂದ ಬಿಬಿಸಿಯ 'ಟಾಪ್ ಆಫ್ ದಿ ಪಾಪ್ಸ್' ವೇದಿಕೆಗೆ, ತಂತಿ ಸಮೇತ. 1978ರ ಏಪ್ರಿಲ್ 30ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ವರ್ಣದ್ವೇಷದ ವಿರುದ್ಧ ಹತ್ತಾರು ಸಾವಿರ ಜನ ಸೇರಿದ್ದರು. ಅಲ್ಲಿಗೆ ಹಾಡಲು ಅವಳು ಬಂದದ್ದು ತಲೆ ಬೋಳಿಸಿಕೊಂಡು. ತನ್ನನ್ನು ಮಾದಕ ಬೊಂಬೆ ಮಾಡಲು ಬಂದರೆ ತಲೆ ಬೋಳಿಸಿಕೊಳ್ಳುತ್ತೇನೆಂದು ಹಿಂದೆ ಪತ್ರಿಕೆಯವರಿಗೆ ಹೇಳಿದ್ದಳಂತೆ. ಅದನ್ನು ಕೆಲವರು ಕೆಚ್ಚು ಎಂದರು. ಮುಂದಿನದನ್ನು ಓದಿದ ಮೇಲೆ ನನಗೆ ಅದು ಕೆಚ್ಚೋ ಸಂಕಟವೋ ಹೇಳಲು ಧೈರ್ಯ ಬರುವುದಿಲ್ಲ. ಅದೇ ವರ್ಷ ಡಾನ್‌ಕಾಸ್ಟರಿನಲ್ಲಿ ಕಾರ್ಯಕ್ರಮ ಮುಗಿದ ರಾತ್ರಿ ಆಕಾಶದಲ್ಲಿ ಗುಲಾಬಿ ಬಣ್ಣದ ಬೆಳಕಿನ ಗೋಳ ಕಂಡೆನೆಂದಳು. ಆಸ್ಪತ್ರೆ ಸೇರಿದಳು. ವೈದ್ಯರು ಸ್ಕಿಜೋಫ್ರೀನಿಯಾ ಎಂದರು. ಅದು ಬೈಪೋಲಾರ್ ಎಂಬ ಬೇರೆಯೇ ಕಾಯಿಲೆ ಎಂದು ತಿಳಿದದ್ದು 1991ರಲ್ಲಿ. 1979ರಲ್ಲಿ ಗುಂಪು ಮುರಿಯಿತು.

ಆಮೇಲೆ ಮದುವೆ, 1981ರಲ್ಲಿ ಸೆಲೆಸ್ಟ್ ಎಂಬ ಮಗಳು, 1983ರ ಹೊತ್ತಿಗೆ ಹರೇ ಕೃಷ್ಣ ಪಂಥ. ಬೆಂಗಳೂರಿನ ರಾಜಾಜಿನಗರದ ಗುಡ್ಡದ ಮೇಲಿನ ಇಸ್ಕಾನ್ ದೇವಸ್ಥಾನಕ್ಕೆ ನೀವೂ ಹೋಗಿರುತ್ತೀರಿ. ಅದೇ ಹೆಸರಿನ ಪಂಥದವರು ಲಂಡನ್ನಿನ ಹೊರಗೆ ಇರುವ, ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ 1973ರಲ್ಲಿ ಕೊಟ್ಟ ಭಕ್ತಿವೇದಾಂತ ಮ್ಯಾನರ್ ಎಂಬ ಬಂಗಲೆಯಲ್ಲಿ ನೆಲೆಸಿದ್ದರು. ಪಾಲಿ ಪುಟ್ಟ ಮಗಳೊಂದಿಗೆ ಅಲ್ಲಿಗೆ ಸೇರಿದಳು. ವಿಚಿತ್ರವೆಂದರೆ ಲೋರಾ ಕೂಡ ಅದೇ ಪಂಥಕ್ಕೆ ಬಂದಳು, ಇಬ್ಬರೂ ಮತ್ತೆ ಕೂಡಿ 1995ರಲ್ಲಿ ಒಂದು ಆಲ್ಬಮ್ ಮಾಡಿದರು. ಜಗಳ ಮರೆತದ್ದು ಕೇಳಿ ನನಗೆ ಸಮಾಧಾನವಾಯಿತು. ಆಲ್ಬಮ್ ಕೇಳಿ ಅಷ್ಟೇನೂ ಆಗಲಿಲ್ಲ.

ಪಾಲಿ 2011ರ ಏಪ್ರಿಲ್ 25ರಂದು ಸ್ತನ ಕ್ಯಾನ್ಸರಿನಿಂದ ತೀರಿಕೊಂಡಳು. 53 ವರ್ಷ. ಕೊನೆಯ ಆಲ್ಬಮ್ ಬಂದು ತಿಂಗಳೂ ಆಗಿರಲಿಲ್ಲ. ಮಗಳು ಸೆಲೆಸ್ಟ್ ಬೆಲ್, ಜೋಯಿ ಹೋ ಎಂಬ ಲೇಖಕಿಯೊಂದಿಗೆ 2019ರಲ್ಲಿ ತಾಯಿಯ ಬಗ್ಗೆ ಪುಸ್ತಕ ತಂದರು. 2021ರಲ್ಲಿ ಪಾಲ್ ಸಿಂಗ್ ಜೊತೆ ಸೇರಿ ಸಿನಿಮಾವನ್ನೂ ಮಾಡಿದರು. ಆ ಸಿನಿಮಾ ನೋಡಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಸೆಲೆಸ್ಟ್ ತಾಯಿಯ ಪೆಟ್ಟಿಗೆಗಳನ್ನು, ಡೈರಿಗಳನ್ನು ತೆರೆದುಕೊಂಡು ಕೂರುತ್ತಾಳೆ. ನಿಮ್ಮ ತಾಯಿ ಒಳ್ಳೆಯ ತಾಯಿಯಾಗಿದ್ದರೇ ಎಂದು ಜನ ತನ್ನನ್ನು ಕೇಳುತ್ತಾರೆಂದು ಆರಂಭದಲ್ಲೇ ಹೇಳುತ್ತಾಳೆ. ಉತ್ತರ ಅವಳಿಗೆ ಸುಲಭವಲ್ಲ. ತಾಯಿಯ ಕಾಯಿಲೆ ಕೆರಳಿದಾಗ ಮಗು ಏನೇನು ನೋಡಿತೆಂಬುದನ್ನು ಮುಚ್ಚಿಡುವುದಿಲ್ಲ. ಕೊನೆಗೆ ಅವಳನ್ನು ಬೆಳೆಸಿದ್ದು ಅಜ್ಜಿ, ಅಂದರೆ ಪಾಲಿಯನ್ನು ಒಬ್ಬರೇ ಸಾಕಿದ ಅದೇ ಅಮ್ಮ. ಮನೆ ಬಿಟ್ಟ ಮಗಳಿಗಾಗಿ ಕಾದ ಹೆಂಗಸು, ಆ ಮಗಳ ಮಗಳಿಗೂ ಅನ್ನ ಹಾಕಿದರು.

ಮೊದಲು ನನಗೆ ಸಿಟ್ಟು ಬಂತು. ಗಂಡಸು ಹಾಡುಗಾರ ಸತ್ತರೆ ಒಳ್ಳೆಯ ಅಪ್ಪನೇ ಎಂದು ಯಾರಾದರೂ ಕೇಳುತ್ತಾರೆಯೇ? ಸಂಗೀತವನ್ನು ತೂಗುವ ತಕ್ಕಡಿಗೆ ತಾಯ್ತನವನ್ನೇಕೆ ಹಾಕಬೇಕು? ಹೀಗೆ ವಾದಿಸಿಕೊಂಡು ಮಲಗಿದೆ. ಮಧ್ಯರಾತ್ರಿ ಇನ್ನೊಂದು ಹೊಳೆಯಿತು. ಕೇಳುತ್ತಿರುವುದು ಜನ ಮಾತ್ರವಲ್ಲ, ಮಗಳೂ ಹೌದು. ಅವಳಿಗೆ ಕೇಳುವ ಹಕ್ಕಿದೆ. ತಾಯಿಯನ್ನು ಹಾಡುಗಾರ್ತಿ ಎಂದು ಪ್ರೀತಿಸುವ ನಮಗೆ ಖರ್ಚಿಲ್ಲ. ಖರ್ಚು ಕೊಟ್ಟವಳು ಲೆಕ್ಕ ಬಿಚ್ಚಿಟ್ಟರೆ ಬೇಡವೆನ್ನಲು ನಾನು ಯಾರು? ಸಿನಿಮಾದ ದೊಡ್ಡ ಗುಣವೆಂದರೆ ಸೆಲೆಸ್ಟ್ ಲೆಕ್ಕ ಕೂಡಿಸಿ ಮೊತ್ತ ಬರೆಯುವುದಿಲ್ಲ. ಡೈರಿಯ ಮಾತುಗಳನ್ನು ನಟಿ ರೂತ್ ನೆಗ್ಗಾರ ದನಿಯಲ್ಲಿ ಓದಿಸುತ್ತಾಳೆ, ತಾನು ಸುಮ್ಮನೆ ಆಲಿಸುತ್ತಾಳೆ. ಪಾಲಿಯ ಬಗ್ಗೆ ಬಂದ ಎಲ್ಲ ಹೊಗಳಿಕೆಗಿಂತ ಅವಳನ್ನು ಚೆನ್ನಾಗಿ ಕೇಳಿಸಿಕೊಂಡದ್ದು ಈ ಸಿನಿಮಾ ಎಂದು ನನ್ನ ಅಭಿಪ್ರಾಯ. ಘೋಷಣೆಯ ಪಾಲಿಯ ಜೊತೆ, ಆ ನಿಧಾನ ಹಾಡಿನ ಪಾಲಿಯೂ ಅಲ್ಲಿ ಸಿಗುತ್ತಾಳೆ.

ಮಗಳ ಜೊತೆ ಇದನ್ನೆಲ್ಲ ಮಾತಾಡಿದೆನೇ? ಇಲ್ಲ. ಹದಿನಾರರ ಮಕ್ಕಳ ಹತ್ತಿರ ಹಾಗೆಲ್ಲ ಮಾತಾಡಲು ಬರುವುದಿಲ್ಲ. ಅವಳು ಮೊದಲ ಹಾಡಿನ ಪಕ್ಷ, ನಾನು ಶೀರ್ಷಿಕೆ ಹಾಡಿನ ಪಕ್ಷ. "ನಿಂಗೆ ಮೆತ್ತಗಿದ್ದದ್ದೇ ಇಷ್ಟ" ಎಂದು ಒಂದು ಸಲ ಚುಚ್ಚಿದಳು. ಅದು ನಾಟಿತು.

ಮೊನ್ನೆ ತಂತಿ ಬಿಗಿಸಿಕೊಂಡು ಬರಲು ಶಿವಮೊಗ್ಗಕ್ಕೆ ಹೋಗಿದ್ದೆವು. ಬಿಗಿಸಿದ ದಿನ ಅವಳಿಗೆ ನೋವು, ಮಾತಿಲ್ಲ. ಸಾಗರದ ಬಸ್ಸು ಆಯನೂರು ದಾಟಿದ ಮೇಲೆ ಕಿವಿಗೆ ಸಿಕ್ಕಿಸಿಕೊಂಡ ವೈರಿನ ಒಂದು ತುದಿಯನ್ನು ಕಿತ್ತು ನನಗೆ ಕೊಟ್ಟಳು. ನನ್ನ ಹಾಡೇ ಹಾಕಿದ್ದಳು, ಹಲ್ಲುಜ್ಜುವ ಹುಡುಗಿಯದು. ಇಬ್ಬರೂ ಕೇಳಿದೆವು. ಅದು ಮುಗಿದ ಕೂಡಲೇ ಅವಳ ಹಾಡು ಶುರುವಾಯಿತು. ಮೆತ್ತನೆ ಮಾತು, ಆಮೇಲೆ ಆ ಕೂಗು. ಎಲ್ಲಿ ಬರುತ್ತದೆಂದು ಗೊತ್ತಿದ್ದರೂ ನಾನು ಸೀಟಿನಲ್ಲೇ ಒಮ್ಮೆ ಹಾರಿಬಿದ್ದೆ. ಎದುರಿನ ಸೀಟಿನ ಅಜ್ಜಿ ತಿರುಗಿ ನೋಡಿದರು. ಮಗಳಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ನೋಯ್ತದೆ ಅಮ್ಮಾ, ನಗಿಸಬೇಡ" ಎನ್ನುತ್ತ ಎರಡೂ ಕೈಯಲ್ಲಿ ದವಡೆ ಹಿಡಿದುಕೊಂಡು, ಬಾಯಿ ತುಂಬ ತಂತಿ ಕಾಣಿಸುತ್ತ, ಆನಂದಪುರ ಬರುವವರೆಗೂ ನಕ್ಕಳು.